ಮುಂದೆ ಹೋದವನು

ಬೈರಿದೇವರಕೊಪ್ಪದಿಂದ ಉಣಕಲ್ ಕೆರೆಯವರೆಗೆ ದಿನಾಲು ಬೆಳಿಗ್ಗೆ ಸೈಕಲ್ ತುಳಿಯುವುದು ನನ್ನ ರೂಢಿ. ನಾನು ಅವಸರವಿಲ್ಲದ ಮನುಷ್ಯನೆಂಬ ಅಭಿಮಾನವೂ ತುಸು ಉಂಟು. ಅದು ಮೊನ್ನೆ ಮುರಿಯಿತು.

ಹುಡುಗನೊಬ್ಬ ಸೈಕಲ್ಲಿನ ಮೇಲೆ ನನ್ನ ಮಗ್ಗುಲಿನಿಂದಲೇ ಹಾಯ್ದು ಮುಂದೆ ಹೋದ. ನನ್ನತ್ತ ನೋಡಲೂ ಇಲ್ಲ. ಆದರೂ ಸೋತೆನೆಂದು ನನಗೆ ಅನಿಸಿತು. ಕಾಲುಗಳು ತಾವಾಗಿಯೇ ಜೋರು ಹಿಡಿದವು. ಆ ಹುರುಪಿನಲ್ಲಿ ಎದುರಿಗಿದ್ದ ಮುದುಕಿ ಕಣ್ಣಿಗೆ ಬಿದ್ದದ್ದು ಎರಡು ಮಾರು ಉಳಿದಾಗ. ಬ್ರೇಕು ಹಿಡಿದೆ. ಆಕೆ ಬೆದರಿ ಸರಿದಳು. ಬುಟ್ಟಿಯೊಳಗಿನ ಮೆಂತ್ಯದ ಸಿವುಡುಗಳು ನೆಲಕ್ಕೆ ಚೆಲ್ಲಿದವು. ನಾನು ಆರಿಸಿ ಕೊಡುತ್ತಿದ್ದಾಗ, “ಯಾರ ಜೋಡಿ ಪಂತಾ ಕಟ್ಟಿದ್ದಿ ಯಪ್ಪಾ?” ಎಂದು ಕೇಳಿದಳು. ಏನು ಹೇಳಲಿ? ಪಂತದ ಸುದ್ದಿ ಆ ಹುಡುಗನಿಗೇ ಗೊತ್ತಿರಲಿಲ್ಲ!

ನಮ್ಮ ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ 2018ರಲ್ಲಿ ಓಡಲಾರಂಭಿಸಿದ ಚಿಗರಿ ಬಸ್ಸುಗಳಿಗೆ ಸುಮಾರು 22 ಕಿಲೋಮೀಟರಿನ ಬಹುಭಾಗ ಬೇರೆಯೇ ಹಾದಿಯುಂಟು. ಅಲ್ಲಿ ಅಡ್ಡ ಬರುವವರು ಕಡಿಮೆ, ಹಿಂದೆ ಹಾಕುವವರೂ ಕಡಿಮೆ. ಅಂಥ ಹಾದಿಯಲ್ಲಿ ಶಾಂತವಾಗಿರುವುದು ಗುಣವಲ್ಲ, ಅನುಕೂಲ. ನನ್ನ ಇಷ್ಟು ದಿನದ ಸಮಾಧಾನವೂ ಅಂಥದೇ ಆಗಿತ್ತೇನೋ. ಹತ್ತು ಜನ ಹಂಚಿಕೊಂಡ ಹಾದಿಯಲ್ಲಿಯೇ ಮನಸ್ಸಿನ ಪರೀಕ್ಷೆ.

ಈಗ ಯಾರಾದರೂ ಮುಂದೆ ಹೋದರೆ, “ಹೋಗಲಿ, ಬಿಟ್ಟುಕೊಟ್ಟೆ” ಎಂದುಕೊಳ್ಳುತ್ತೇನೆ. ಎಂದುಕೊಂಡು ಒಳಗೊಳಗೇ ಬೀಗುತ್ತೇನೆ. ಇದೂ ಪಂತವೇ ಅಲ್ಲವೆ? ಬಿಟ್ಟುಕೊಡುವುದಕ್ಕೆ ಹಾದಿಯೇನು ನನ್ನದಾಗಿತ್ತೆ?