ದ್ವೀಪದ ಊರಲ್ಲಿ ಏನು ನೋಡಿ ಬಂದಿರಿ?



ಗುಡೂರು ಕಡೆಯಿಂದ ಮೈಸೂರಿಗೆ ಪ್ರವಾಸ ಹೋದವರು ಸಾಮಾನ್ಯವಾಗಿ ಶ್ರೀರಂಗಪಟ್ಟಣವನ್ನೂ ನೋಡಿ ಬರುತ್ತಾರೆ. ಕಾವೇರಿ ಬಳಸಿ ಹರಿಯುವ ಆ ದ್ವೀಪದಲ್ಲಿ ಕೋಟೆ, ರಂಗನಾಥನ ಗುಡಿ, ಜೋಡಿ ಮಿನಾರಿನ ಮಸೀದಿ, 1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದ ಸ್ಥಳ ಎಲ್ಲವನ್ನೂ ತೋರಿಸುತ್ತಾರೆ. ಅಲ್ಲೇ ಗಂಜಾಂನಲ್ಲಿ ಒಂದು ಹಳೆಯ ಚರ್ಚಿದೆ. ಯುದ್ಧ ಮುಗಿದ ಮೇಲೆ ಬಂದ ಫ್ರಾನ್ಸಿನ ಗುರು ಅಬ್ಬೆ ದ್ಯುಬುವಾ, ಚದುರಿಹೋಗಿದ್ದ ಕ್ರೈಸ್ತರನ್ನು ಕೂಡಿಸಿದರು. ಸಿಡುಬಿಗೆ ಹೆದರುತ್ತಿದ್ದ ಮೈಸೂರು ಸೀಮೆಯ ಜನರಿಗೆ ದೇವಿ ಹಾಕಿಸಿದರು. ಅಲ್ಲಿಗೂ ಹೋಗಿ ಬನ್ನಿ.

ಮೆಡಿಟರೇನಿಯನ್ ಸಮುದ್ರದ ಮಾಲ್ಟ ದ್ವೀಪದ ಹಳೆ ಪಟ್ಟಣಗಳಲ್ಲೂ ಪ್ರವಾಸಿಗಳ ಕಣ್ಣು ಕೋಟೆಗಳ ಮೇಲೆಯೇ. ಪ್ರೇಷಿತರ ಕಾರ್ಯಕಲಾಪಗಳ 28ನೇ ಅಧ್ಯಾಯ ನೆನಪಿಸುವುದು ಬೇರೆಯದನ್ನು. ಹಡಗೊಡೆದು ದಡ ಸೇರಿದ 276 ಜನರಲ್ಲಿ ಕೈದಿಯಾಗಿದ್ದ ಸಂತ ಪೌಲರೂ ಒಬ್ಬರು. ಮಳೆ, ಚಳಿಯಲ್ಲಿ ನಡುಗುತ್ತಿದ್ದ ಅವರಿಗೆಲ್ಲ ದ್ವೀಪದವರು ಬೆಂಕಿ ಹಾಕಿಕೊಟ್ಟರು. ನಿಮ್ಮ ಧರ್ಮ ಯಾವುದೆಂದು ಕೇಳಿದರೆಂದು ಎಲ್ಲೂ ಬರೆದಿಲ್ಲ.

ಹಳೆ ಊರಿಗೆ ಹೋದಾಗ, ಇಲ್ಲಿ ಗೆದ್ದವರಾರು ಎಂದು ಮಕ್ಕಳು ಕೇಳುತ್ತಾರೆ. ನೊಂದವರನ್ನು ನೋಡಿಕೊಂಡವರಾರು ಎಂಬುದನ್ನೂ ಹೇಳಿಕೊಡಿ. ಯುಗಾದಿಗೆ ಮುಂಚೆ ಶ್ರೀಶೈಲಕ್ಕೆ ನಡೆದು ಹೋಗುವವರಿಗೆ ನಮ್ಮ ಕಡೆ ದಾರಿಯಲ್ಲಿ ನೀರು, ಊಟ ಕೊಡುತ್ತಾರೆ. ಈ ಸಲ ಆ ಕೊಡ ಹೊರುವವರಲ್ಲಿ ನಿಮ್ಮ ಮನೆಯವರೂ ಇರಲಿ.