ಮರಳಲು ಒಂದು ಮನೆ ಇದೆಯೇ?



ಲೈನ್ ಮನೆಯೆಂದರೆ ಏನೆಂದು ಮೂಡಿಗೆರೆ, ಕಳಸದ ಕಡೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಅನೇಕರ ಹಿರಿಯರು ಘಟ್ಟದ ಕೆಳಗಿನಿಂದ ಚಾರ್ಮಾಡಿ ಹತ್ತಿ ಬಂದವರು. ಕಾಫಿ ತೋಟಗಳಲ್ಲಿ ರೈಟರಾಗಿ, ಮೇಸ್ತ್ರಿಯಾಗಿ, ಕೂಲಿಯಾಗಿ ದುಡಿದು ಮಕ್ಕಳನ್ನು ಬೆಳೆಸಿದವರು. ತೋಟದಲ್ಲೇ ನೆಲೆಸುವ ಕಾರ್ಮಿಕರಿಗೆ ವಸತಿ ಒದಗಿಸುವ ಹೊಣೆಯನ್ನು 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆ ಮಾಲೀಕರಿಗೆ ವಹಿಸಿತು. ಅದು ಒಳ್ಳೆಯದೇ ಆಯಿತು. ಆದರೆ ಕೆಲಸ ಇರುವವರೆಗೆ ಮಾತ್ರ ಆ ಮನೆ. ಕೆಲಸ ಬಿಟ್ಟವನು ಪಾತ್ರೆಪಗಡೆ ಕಟ್ಟಿಕೊಂಡು ಹೊರಡಬೇಕು.

ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲೆ ದುಡಿಯುವ ನಮ್ಮ ಮಕ್ಕಳ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಸಂಬಳ ದೊಡ್ಡದು, ಮನೆ ಚೆಂದದ್ದು. ಆದರೆ ಆ ದೇಶದಲ್ಲಿ ಇರುವ ಅನುಮತಿ ಕೆಲಸಕ್ಕೆ ಕಟ್ಟಿದ್ದು. 2017ರ ಜನವರಿಯಿಂದ ಜಾರಿಯಲ್ಲಿರುವ ನಿಯಮದಂತೆ, ಕೆಲಸ ಹೋದರೂ ಸರಿ, ತಾನೇ ಬಿಟ್ಟರೂ ಸರಿ, ಹೆಚ್ಚೆಂದರೆ 60 ದಿನಗಳ ಅವಕಾಶ. ಅಷ್ಟರೊಳಗೆ ಬೇರೆ ಮಾಲೀಕನನ್ನು ಹುಡುಕಬೇಕು, ಇಲ್ಲವೇ ಊರಿಗೆ ಹೊರಡಬೇಕು, ಇಲ್ಲವೇ ವಿದ್ಯಾರ್ಥಿಯಾಗಿ ಉಳಿಯಲು ಅನುಮತಿ ಕೇಳಿ ಅರ್ಜಿ ಹಾಕಬೇಕು.

ಹೀಗೊಂದು ಕುಟುಂಬವನ್ನು ಊಹಿಸಿಕೊಳ್ಳಿ. ಕಳಸದ ಆಚೆ ಎರಡೆಕರೆ ಕಾಫಿ. ಮಗನ ಓದಿಗಾಗಿ ತೋಟದ ಮೇಲೆ ತೆಗೆದ ಬ್ಯಾಂಕ್ ಸಾಲ. ಭಾನುವಾರದ ಪೂಜೆ ಮುಗಿಸಿ ಮನೆಗೆ ಬರುವಷ್ಟರಲ್ಲಿ ಮಗನ ಫೋನು: "ಅಪ್ಪಾ, ಕೆಲಸಕ್ಕೆ ರಾಜೀನಾಮೆ ಕೊಟ್ಟೆ. ಇನ್ನು ನನ್ನಿಂದ ಆಗುವುದಿಲ್ಲ. ಯಾವುದಾದರೂ ಕಾಲೇಜು ಸೇರಿ ಸ್ಟೂಡೆಂಟ್ ವೀಸಾಕ್ಕೆ ಬದಲಾಯಿಸಿಕೊಳ್ಳುತ್ತೇನೆ." ತಂದೆ ಒಂದು ಗಳಿಗೆ ಸುಮ್ಮನಿದ್ದು ಹೇಳುತ್ತಾರೆ: "ಏನಾದರೂ ಮಾಡಿಕೋ. ಊರಿಗೆ ಮಾತ್ರ ಬರಬೇಡ. ತಂಗಿಯ ಮದುವೆ ಇದೆ. ಜನ ಏನೆಂದಾರು?"

ಮಗ ಮಾಡಹೊರಟಿರುವುದು ಸರಿಯೇ, ತಪ್ಪೇ?

ಕೆಲಸ ಬಿಡುವುದು ತಪ್ಪಲ್ಲ. ಮನುಷ್ಯ ಕೆಲಸಕ್ಕಾಗಿ ಹುಟ್ಟಿದವನಲ್ಲ. ವೀಸಾ ಬದಲಾವಣೆಗೆ ಅರ್ಜಿ ಹಾಕುವುದೂ ತಪ್ಪಲ್ಲ. ಕಾನೂನೇ ಆ ಬಾಗಿಲನ್ನು ಇಟ್ಟಿದೆ. ಆದರೆ ಆ ಬಾಗಿಲಿನ ಮೇಲೆ 'ವಿದ್ಯಾರ್ಥಿ' ಎಂದು ಬರೆದಿದೆ. ಒಳಗೆ ಹೋದವನು ಪೂರ್ಣಾವಧಿ ತರಗತಿಗಳಿಗೆ ಹೋಗಬೇಕು. ಶುಲ್ಕಕ್ಕೂ ಜೀವನಕ್ಕೂ ಹಣವಿದೆಯೆಂದು ತೋರಿಸಬೇಕು. ಕಾಲೇಜಿನ ಆವರಣದಲ್ಲಿ ದುಡಿಯುವುದಾದರೆ, ಪಾಠ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ; ಹೊರಗೆ ಸಾಮಾನ್ಯವಾಗಿ ಮೊದಲ ವರ್ಷ ದುಡಿಯುವಂತಿಲ್ಲ. ಹೆಂಡತಿ ಅವನ ಆಶ್ರಿತಳಾಗಿ ಇದ್ದರೆ ಅವಳೂ ದುಡಿಯುವಂತಿಲ್ಲ. ಇಷ್ಟಕ್ಕೆ ಒಪ್ಪಿ, ಅರ್ಜಿಯಲ್ಲಿರುವುದೆಲ್ಲ ನಿಜವೆಂದು ಅವನು ಸಹಿ ಹಾಕುತ್ತಾನೆ. ಸುಳ್ಳಾದರೆ ಅದು ಸುಳ್ಳುಸಾಕ್ಷಿಯ ಅಪರಾಧ. ಬಾಲ್ಯದಲ್ಲಿ ಧರ್ಮೋಪದೇಶದ ತರಗತಿಯಲ್ಲಿ ಕಲಿತ ಆಜ್ಞೆಯೊಂದು ಇಲ್ಲಿ ಎದುರಿಗೆ ಬಂದು ನಿಲ್ಲುತ್ತದೆ.

ಮನುಷ್ಯನ ಮನಸ್ಸಿನಲ್ಲಿ ಒಂದೇ ಆಸೆ ಇರುವುದಿಲ್ಲ, ನಿಜ. ಓದುವ ಆಸೆಯೂ ಇರಬಹುದು, ಅಲ್ಲಿಯೇ ಉಳಿಯುವ ಆಸೆಯೂ ಇರಬಹುದು. ಎರಡು ಆಸೆ ಇರುವುದು ಪಾಪವಲ್ಲ. ಪುಸ್ತಕ ಹಿಡಿದು ಬೆಂಚಿನ ಮೇಲೆ ಕೂರಲು ಸಿದ್ಧನಿರುವವನು ಸುಳ್ಳುಗಾರನಲ್ಲ. ಪಾಠವೇ ಬೇಡ, ಕಾಗದ ಮಾತ್ರ ಸಾಕು ಎನ್ನುವವನು ಸುಳ್ಳುಗಾರ.

ಕಾಗದ ಮಾತ್ರ ಮಾರುವವರಿಗೂ ಕೊರತೆಯಿಲ್ಲ. ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ವಿಶ್ವವಿದ್ಯಾಲಯದ ಮೇಲೆ 2011ರಲ್ಲಿ ದಾಳಿ ನಡೆದಾಗ, ಅಲ್ಲಿ ಹೆಸರು ನೋಂದಾಯಿಸಿದ್ದವರಲ್ಲಿ ಬಹುಪಾಲು ಭಾರತೀಯರೇ ಇದ್ದರು. ಕೆಲವರ ಕಾಲಿಗೆ ಎಲೆಕ್ಟ್ರಾನಿಕ್ ಪಟ್ಟಿ ಬಿಗಿಯಲಾಯಿತು. ಮಿಚಿಗನ್ನಿನ ಫಾರ್ಮಿಂಗ್ಟನ್ ವಿಶ್ವವಿದ್ಯಾಲಯವನ್ನಂತೂ ಸರಕಾರದ ಅಧಿಕಾರಿಗಳೇ ಬಲೆಯಾಗಿ ಹೂಡಿದ್ದರು. ಅಲ್ಲಿ ಅಧ್ಯಾಪಕರೂ ಇರಲಿಲ್ಲ, ತರಗತಿಯೂ ಇರಲಿಲ್ಲ. 2019ರಲ್ಲಿ ನೂರಕ್ಕೂ ಹೆಚ್ಚು ಭಾರತೀಯರು ಬಂಧನಕ್ಕೊಳಗಾದರು. ಸುಳ್ಳನ್ನು ಹಿಡಿಯಲು ಸರಕಾರವೇ ಸುಳ್ಳು ಹೇಳಬಹುದೇ ಎಂದು ನೀವು ಕೇಳಿದರೆ, ಅದು ನ್ಯಾಯವಾದ ಪ್ರಶ್ನೆಯೇ. ನಿಜವೆಂದು ನಂಬಿ ಮೋಸಹೋದೆವು ಎಂದವರೂ ಅವರಲ್ಲಿದ್ದರು. ಆದರೆ ಇನ್ನೊಬ್ಬರ ತಪ್ಪು ನಮ್ಮ ತಪ್ಪನ್ನು ತೊಳೆಯುವುದಿಲ್ಲ.

"ವರ್ಷಗಟ್ಟಲೆ ತೆರಿಗೆ ಕಟ್ಟಿದವನನ್ನು 60 ದಿನಗಳಲ್ಲಿ ಹೊರಗಟ್ಟುವ ಕಾನೂನೇ ಕ್ರೂರ. ಅಂಥ ಕಾನೂನಿಗೆ ಒಂದು ಸಣ್ಣ ಸುಳ್ಳು ಹೇಳಿದರೆ ಯಾರಿಗೆ ನಷ್ಟ?" ಎಂದು ಕೆಲವರು ವಾದಿಸುತ್ತಾರೆ. ಕಾನೂನು ಕಠಿಣವೆಂಬುದನ್ನು ಅಲ್ಲಗಳೆಯಲಾಗದು. ಅದನ್ನು ಬಹಿರಂಗವಾಗಿ ಹೇಳೋಣ. ಆದರೆ ನಷ್ಟ ಇಬ್ಬರಿಗಿದೆ. ನಾಳೆ ಚೆನ್ನೈಯಲ್ಲೋ ಹೈದರಾಬಾದಿನಲ್ಲೋ ವೀಸಾ ಕಿಟಕಿಯ ಮುಂದೆ ನಿಲ್ಲುವ, ನಿಜವಾಗಿಯೂ ಓದಬಯಸುವ ಹುಡುಗಿಯನ್ನು ಅಧಿಕಾರಿ ಅನುಮಾನದಿಂದ ನೋಡುತ್ತಾನೆ. ಇನ್ನೊಬ್ಬ ನಷ್ಟಸ್ಥ ನಿಮ್ಮ ಮಗನೇ. ಬಾಗಿಲು ತಟ್ಟಿದ ಸದ್ದಿಗೆಲ್ಲ ಬೆಚ್ಚುವ ಬಾಳು ಅವನದಾಗುತ್ತದೆ.

ಈಗ ತಂದೆತಾಯಂದಿರಿಗೆ ಒಂದು ಮಾತು. ವಿದ್ಯಾರ್ಥಿಯಾಗಿ ಬರುವವನಲ್ಲಿ ಅಮೆರಿಕದ ಕಾನೂನು ಒಂದು ವಿಷಯವನ್ನು ನೋಡುತ್ತದೆ: ತೊರೆಯುವ ಉದ್ದೇಶವಿಲ್ಲದ ಮನೆಯೊಂದು ಅವನಿಗೆ ತನ್ನ ದೇಶದಲ್ಲಿ ಇರಬೇಕು. ಎಚ್-1ಬಿ ಕೆಲಸಗಾರನಲ್ಲಿ ಇದನ್ನು ಕೇಳುವುದಿಲ್ಲ; ವಿದ್ಯಾರ್ಥಿಯಲ್ಲಿ ಕೇಳುತ್ತದೆ. ಹಾಗಾದರೆ "ಊರಿಗೆ ಮಾತ್ರ ಬರಬೇಡ" ಎಂಬ ಮಾತನ್ನು ಕೇಳಿಸಿಕೊಂಡ ಮಗ, ನನಗೆ ಮರಳಲು ಮನೆಯಿದೆ ಎಂದು ಯಾವ ಬಾಯಿಂದ ಹೇಳಬೇಕು? ಅವನ ಸುಳ್ಳಿನ ಮೊದಲ ಅಕ್ಷರವನ್ನು ನಾವೇ ಬರೆದುಕೊಟ್ಟಂತಾಗಲಿಲ್ಲವೇ? ಸಾಲದ ಭಯ, ಮದುವೆಯ ಚಿಂತೆ, ನೆರೆಯವರ ನಾಲಿಗೆ, ಇವು ನಿಜವಾದ ಭಾರಗಳೇ. ಆದರೆ ಬ್ಯಾಂಕಿನ ಸಾಲಕ್ಕೆ ಕಂತು ಇದೆ, ಮಾತುಕತೆ ಇದೆ. ಮುಚ್ಚಿದ ಮನೆಯ ಬಾಗಿಲಿಗೆ ಅದೂ ಇಲ್ಲ.

ಬಾಗಿಲು ತೆರೆದಿದೆಯೆಂದು ತಿಳಿದ ಮಗನಿಗೆ ಮಾತ್ರ ನಿಜವಾದ ಆಯ್ಕೆ ಇರುತ್ತದೆ. ಆಗ ಅವನು ಓದಬೇಕೆನಿಸಿದರೆ ಓದಿಯಾನು. ಬೇಡವೆನಿಸಿದರೆ ತಲೆಯೆತ್ತಿ ವಿಮಾನ ಹತ್ತಿಯಾನು. ಸಂತ ಲೂಕರ ಶುಭಸಂದೇಶದ 15ನೇ ಅಧ್ಯಾಯದ ಕಿರಿಯ ಮಗ ತನ್ನ ಪಾಲಿನ ಆಸ್ತಿಯನ್ನೆಲ್ಲ ಹಾಳುಮಾಡಿ ಬಂದವನು. ಆದರೂ ತಂದೆಯೇ ಓಡಿಹೋಗಿ ಅವನನ್ನು ಅಪ್ಪಿಕೊಂಡ. ನಮ್ಮ ಮಗ ಏನನ್ನೂ ಹಾಳುಮಾಡಿಲ್ಲ, ದಣಿದಿದ್ದಾನೆ, ಅಷ್ಟೆ.

ಮುಂದಿನ ಭಾನುವಾರ ಫೋನು ಬಂದಾಗ ವೀಸಾ ಏನಾಯಿತೆಂದು ಮೊದಲು ಕೇಳಬೇಡಿ. ಊಟ ಆಯಿತೇ ಎಂದು ಕೇಳಿ. ಹೂಮಳೆ ಬಿತ್ತೋ ಇಲ್ಲವೋ ಹೇಳಿ. ಆಮೇಲೆ ಹೇಳಿ: "ಮಗನೇ, ನಿಜವನ್ನೇ ಬರೆ. ಆಗದಿದ್ದರೆ ಬಾ. ನಿನ್ನ ಕೋಣೆ ಹಾಗೆಯೇ ಇದೆ."