ಕಣದ ಹೊರಗಿನ ಬಲ

ಸುರಪುರ, ಶಹಾಪುರ, ಯಾದಗಿರಿಗಳ ಸೀಮೆಯಲ್ಲಿ ಕುಸ್ತಿ ಗೆದ್ದ ಪೈಲವಾನನನ್ನು ಜನ ಹೆಗಲ ಮೇಲೆ ಹೊತ್ತು ಮೆರೆಸುವುದುಂಟು. ಆದರೆ ಕಣದಲ್ಲಿ ತೋರಿದ ಬಲವೊಂದೇ ಮನುಷ್ಯನನ್ನು ದೊಡ್ಡವನನ್ನಾಗಿ ಮಾಡೀತೆ?

ಈ ಪ್ರಶ್ನೆಗೆ ಜರ್ಮನಿಯ ಮುಷ್ಟಿಮಲ್ಲ ಮ್ಯಾಕ್ಸ್ ಷ್ಮೆಲಿಂಗನ ಬಾಳು ಉತ್ತರವೀಯುತ್ತದೆ. 1936ರಲ್ಲಿ ಅವನು ಅಮೆರಿಕೆಯ ಕರಿಯ ಮಲ್ಲ ಜೋ ಲೂಯಿಯನ್ನು 12ನೆಯ ಸುತ್ತಿನಲ್ಲಿ ಕೆಡಹಿದನು. ಹಿಟ್ಲರನ ಆಳ್ವಿಕೆಯು ಅದನ್ನು ತನ್ನ ಜನಾಂಗದ ಹಿರಿಮೆಯೆಂದು ಸಾರಿತು. 1938ರ ಜೂನ್ ತಿಂಗಳಲ್ಲಿ ಅದೇ ಲೂಯಿ ಅವನನ್ನು ಮೊದಲ ಸುತ್ತಿನಲ್ಲಿಯೇ ಉರುಳಿಸಿದನು.

ಲೋಕವು ಕಂಡುದು ಇಷ್ಟೇ. ಆ ವರ್ಷದ ನವೆಂಬರಿನಲ್ಲಿ ಬರ್ಲಿನ್ ನಗರದಲ್ಲಿ ಯೆಹೂದ್ಯರ ಮೇಲೆ ಹಿಂಸೆ ಭುಗಿಲೆದ್ದಾಗ, ಷ್ಮೆಲಿಂಗನು ಯೆಹೂದ್ಯ ಗೆಳೆಯನೊಬ್ಬನ ಇಬ್ಬರು ಮಕ್ಕಳನ್ನು ತನ್ನ ಹೋಟೆಲ್ ಕೊಠಡಿಯಲ್ಲಿ ಅಡಗಿಸಿ ಕಾಪಾಡಿದನು. ತಾನಾಗಿ ಅದನ್ನು ಸಾರಿಕೊಳ್ಳಲಿಲ್ಲ. 1989ರಲ್ಲಿ ಆ ಮಕ್ಕಳಲ್ಲೊಬ್ಬನು ಹೇಳಿದ ಮೇಲೆ ಲೋಕವರಿಯಿತು. ತನ್ನನ್ನು ಸೋಲಿಸಿದ ಲೂಯಿಗೂ ಅವನು ಮುಂದೆ ಆಪ್ತಮಿತ್ರನಾದನು.

ಕಣದಲ್ಲಿ ನಿಯಮವುಂಟು, ನಿರ್ಣಾಯಕನುಂಟು, ಚಪ್ಪಾಳೆಯುಂಟು. ಹೊರಗೆ ಅಂತರಂಗವೊಂದೇ ಸಾಕ್ಷಿ. ಮಾಡಿದವನು ತಾನೆಂಬ ಹಮ್ಮು ಅಳಿದಲ್ಲಿಯೇ ದಾಸೋಹವೆಂಬುದು ಶರಣರ ನಿಲುವು. ಮಕ್ಕಳನ್ನು ಗರಡಿಗೆ ಕಳುಹಿಸುವ ಸದ್ಭಕ್ತರು ತೋಳಬಲದೊಡನೆ ಈ ಮೌನವನ್ನೂ ಕಲಿಸಬೇಕು.